ಎರಡನೆಯ ಪೈಪು ಬಂದ ವರ್ಷ

ಮೊದಲ ಏಟು ಬಿದ್ದಾಗ ನಾನು ಅಳತೆಯ ಟೇಪು ಸುತ್ತಿಕೊಳ್ಳುತ್ತಿದ್ದೆ. ಏಟು ಹಿಂದಿನಿಂದ ಬಂತು. ಗುದ್ದಲಿಯ ಕಾವು ನನ್ನ ಪಕ್ಕೆಗೆ ಬಡಿದ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಯಾರು ಅಂತ ತಿರುಗುವಷ್ಟರಲ್ಲಿ ಎರಡನೆಯದು ದವಡೆಗೆ ಬಿತ್ತು. ಅನಾನಸ್ ಸಾಲಿನ ಮೇಲೆ ಮಗುಚಿ ಬಿದ್ದೆ. ಅನಾನಸ್ ಎಲೆಯ ಅಂಚು ಗರಗಸದ ಹಾಗೆ. ಎದ್ದೇಳಲು ಕೈ ಊರಿದಲ್ಲೆಲ್ಲ ಚರ್ಮ ಸೀಳಿತು. ಬಾಯಲ್ಲಿ ಏನೋ ಗಟ್ಟಿಯಾದದ್ದು ಸಿಕ್ಕಿತು. ಉಗುಳಿದೆ. ನನ್ನದೇ ಹಲ್ಲು.

ಹೊಡೆದವರು ಆ ಹೊಲದ ಯಜಮಾನರು. ಅರವತ್ತು ದಾಟಿದವರು. ಆರು ವರ್ಷ ದಿನಾ ಅವರ ಬಾವಿಯ ನೀರು ಕುಡಿದಿದ್ದೆ.

ನನ್ನ ಕೆಲಸ ನಡೆಯುವುದು. ದೊಡ್ಡ ಊರುಗಳಿಗೆ ಗ್ಯಾಸು ಒಯ್ಯುವ ಪೈಪು ಶಿರಸಿ ತಾಲೂಕಿನ ಪೂರ್ವದ ಅಂಚನ್ನು ಹಾದು, ಬನವಾಸಿ ಕಡೆಯ ಹೊಲಗಳ ಕೆಳಗೆ ಹೋಗುತ್ತದೆ. ಮೇಲೆ ಕಾಣುವುದು ಅಲ್ಲೊಂದು ಇಲ್ಲೊಂದು ಹಳದಿ ಕಂಬ ಮಾತ್ರ. ಆ ಕಂಬದಿಂದ ಈ ಕಂಬಕ್ಕೆ ಬೆಳಿಗ್ಗೆ ಏಳು ಕಿಲೋಮೀಟರು ನಡೆದುಹೋಗಿ, ಮಧ್ಯಾಹ್ನ ಅಷ್ಟೇ ದೂರ ವಾಪಸು ಬರಬೇಕು. ಯಾರಾದರೂ ಅಗೆಯುತ್ತಿದ್ದಾರಾ, ಮರ ನೆಟ್ಟಿದ್ದಾರಾ, ಮಳೆಗೆ ಮಣ್ಣು ಕೊಚ್ಚಿಹೋಗಿದೆಯಾ, ನೋಡಿ ಫೋನಿನಲ್ಲಿ ತಿಳಿಸಬೇಕು. ಲೈನ್ ವಾಕರ್ ಅನ್ನುತ್ತಾರೆ. ಕಿತ್ತಳೆ ಬಣ್ಣದ ಜಾಕೆಟ್ಟು, ಒಂದು ಸೀಟಿ, ಹಾವು ಓಡಿಸಲಿಕ್ಕೆ ಒಂದು ಬಿದಿರಿನ ದೊಣ್ಣೆ. ನಾನು ಸಿದ್ದಾಪುರ ತಾಲೂಕಿನವನು. ಅಲ್ಲಿ ಬಸ್ಸಿನ ಕಂಡಕ್ಟರಿಕೆಗೆ ಎರಡು ಸಲ ಅರ್ಜಿ ಹಾಕಿ ಸಿಗದೆ, ಇದಕ್ಕೆ ಸೇರಿ, ಹೆಂಡತಿಯೊಂದಿಗೆ ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿದ್ದೆ.

ಯಜಮಾನರ ಹೊಲ ನನ್ನ ದಾರಿಯ ನಡುಮಧ್ಯಕ್ಕೆ ಸಿಗುತ್ತಿತ್ತು. ಪೈಪಿನ ಎರಡೂ ಬದಿಗೆ ಗುರುತು ಹಾಕಿದ ನೆಲದ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಆಳಕ್ಕೆ ಬೇರು ಬಿಡುವ ಮರ ಇಡುವಂತಿಲ್ಲ. ಮೊದಲ ಪೈಪು ಬಂದಾಗ ಅವರ ಹನ್ನೊಂದು ಮಾವಿನ ಮರ ಹೋಗಿದ್ದವು. ಆ ಜಾಗದಲ್ಲಿ ಅವರು ಅನಾನಸ್ ಹಾಕಿದ್ದರು. ಬಾವಿ ಮಾತ್ರ ಪಟ್ಟಿಯ ಅಂಚಿನಿಂದ ಆಚೆ ಉಳಿದುಕೊಂಡಿತ್ತು. ಮದುವೆಯಾದ ಮರುವರ್ಷ ಗಂಡ ಹೆಂಡತಿ ಇಬ್ಬರೇ ತೋಡಿದ ಬಾವಿ ಅದು. ಅವರು ಕೆಳಗೆ ಅಗೆದದ್ದು, ಆಕೆ ಬುಟ್ಟಿಯಲ್ಲಿ ಮಣ್ಣು ಮೇಲೆ ಹೊತ್ತದ್ದು. ಈಗ ಆಕೆಯ ಎರಡೂ ಮೊಣಕಾಲು ಹೋಗಿದ್ದವು. ಗೋಡೆ ಹಿಡಿದುಕೊಂಡು ಬಾಗಿಲತನಕ ಬರುತ್ತಿದ್ದರು, ಅಷ್ಟೇ. ನಾನು ಬಂದೊಡನೆ ಅಲ್ಲಿಂದಲೇ, "ಬರ್ರಿ, ನೀರು ಕುಡದು ಹೋಗ್ರಿ," ಅನ್ನುತ್ತಿದ್ದರು.

ಆಮೇಲೆ ಎರಡನೆಯ ಪೈಪಿನ ಸುದ್ದಿ ಬಂತು. ಊರುಗಳಲ್ಲಿ ಗ್ಯಾಸಿನ ಬೇಡಿಕೆ ಹೆಚ್ಚಿದೆ, ಹಳೆಯ ಪೈಪು ಸಾಲುವುದಿಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಹಾಕಿ ಸಾಮರ್ಥ್ಯ ಹೆಚ್ಚಿಸುತ್ತೇವೆ ಅಂತ ಗುತ್ತಿಗೆ ಕಂಪನಿಯ ಇಂಜಿನಿಯರು ನಮ್ಮನ್ನೆಲ್ಲ ಕೂರಿಸಿ ಹೇಳಿದರು. ಹೊಸ ಪೈಪು ಹಳೆಯದಕ್ಕಿಂತ ದಪ್ಪ. ಪಟ್ಟಿ ಅಗಲವಾಗಬೇಕು. ಯಾರ ಹೊಲದಲ್ಲಿ ಎಷ್ಟು ಅಂತ ಅಳೆಯುವಾಗ ದಾರಿ ಬಲ್ಲವನು ಅಂತ ನನ್ನನ್ನೇ ಕರೆದರು.

ಅಳತೆಯ ಹಿಂದಿನ ದಿನ ಯಜಮಾನರು ಬಾವಿಯ ಕಟ್ಟೆಯ ಮೇಲೆ ಕೂತಿದ್ದರು. ನೀರು ಸೇದಿಕೊಟ್ಟು, ನಾನು ಕುಡಿಯುವವರೆಗೆ ಕಾದು ಅಂದರು, "ತಮ್ಮಾ, ನಾಳೆ ಟೇಪು ಸ್ವಲ್ಪ ಸಡಿಲ ಹಿಡೀಬೇಕು ನೀ."

ಬಾವಿ ಪಟ್ಟಿಯ ಹೊರಗೇ ಉಳಿಯುವ ಹಾಗೆ ಅಳೆಯಬೇಕು ಅಂತ ನನಗೆ ಅರ್ಥವಾಯಿತು. ಆಗುವುದಿಲ್ಲ ಅನ್ನಬಹುದಿತ್ತು. ಆಗಲಿ ಅನ್ನಬಹುದಿತ್ತು. ನಾನು ಚೊಂಬು ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ಬರ್ತೇನೆ ಯಜಮಾನ್ರೇ," ಅಂದೆ. ಅವರು ಅದನ್ನು ಒಪ್ಪಿಗೆ ಅಂದುಕೊಂಡರು. ಹಾಗೆ ಅಂದುಕೊಳ್ಳುತ್ತಾರೆ ಅಂತ ನನಗೆ ಗೊತ್ತಿತ್ತು.

ಮರುದಿನ ಟೇಪು ಬಿಗಿಯಾಗಿಯೇ ಹಿಡಿದೆ. ಬಾವಿ ಹೊಸ ಪಟ್ಟಿಯೊಳಗೆ ಬಂತು.

ನೋಟಿಸು, ಆಕ್ಷೇಪಣೆ, ವಿಚಾರಣೆ ಎಲ್ಲ ಮುಗಿದು ಬಾವಿ ಮುಚ್ಚುವ ದಿನ ಜೆಸಿಬಿ ಬಂತು. ಜೊತೆಗೆ ಕಂದಾಯದವರು, ನಾಲ್ಕು ಜನ ಪೊಲೀಸರು. ಯಜಮಾನರು ಅಳತೆಯೇ ತಪ್ಪು ಅಂದರು. ಹಾಗಾದರೆ ಎಲ್ಲರೆದುರು ಇನ್ನೊಮ್ಮೆ ಅಳೆಯಿರಿ ಅಂತ ಅಧಿಕಾರಿ ಹೇಳಿದರು. ನಾನು ಅಳೆದೆ, ಅಂಕಿ ಜೋರಾಗಿ ಓದಿದೆ, ಟೇಪು ಸುತ್ತಿಕೊಳ್ಳತೊಡಗಿದೆ. ಆಗ ಆ ಏಟುಗಳು ಬಿದ್ದವು.

"ನೀರು ಕುಡದೀಯಲ್ಲೋ! ಆರು ವರ್ಸ ಕುಡದೀಯಲ್ಲೋ!" ಅನ್ನುತ್ತಾ ಬಿದ್ದವನ ಸೊಂಟಕ್ಕೆ ಒದ್ದರು. ಪೊಲೀಸರು ಬಂದು ಎಳೆದುಕೊಂಡು ಹೋಗುವಾಗಲೂ ಕಾಲು ಬೀಸುತ್ತಲೇ ಇದ್ದರು. ನನಗೆ ಅಂಟಿಕೊಂಡು ನೆನಪಿರುವುದು ಆಮೇಲಿನದ್ದು. ನೆಲಕ್ಕೆ ಕೆನ್ನೆ ಹಚ್ಚಿ ಬಿದ್ದಿದ್ದ ನನಗೆ ಜೆಸಿಬಿ ಒಡೆದ ಬಂಡೆಗಳನ್ನು ಎತ್ತಿ ಬಾವಿಗೆ ಸುರಿಯುವುದು ಕಾಣುತ್ತಿತ್ತು. ಪ್ರತಿ ಸಲ ನೀರು ಕಟ್ಟೆ ದಾಟಿ ಮೇಲಕ್ಕೆ ಚಿಮ್ಮುತ್ತಿತ್ತು. ಹಗ್ಗ, ಗಡಗಡೆ, ಕೊಡ ಎಲ್ಲ ಒಳಗೇ ಹೋದವು. ಬಾಗಿಲಲ್ಲಿ ನಿಂತಿದ್ದ ಯಜಮಾನರ ಹೆಂಡತಿ ಗೋಡೆ ಬಿಟ್ಟು ನೆಲಕ್ಕೆ ಕುಸಿದು ಕೂತರು.

ಶಿರಸಿ ಆಸ್ಪತ್ರೆಯಲ್ಲಿ ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆ ಅಂದರು. ಗುತ್ತಿಗೆ ಕಂಪನಿಯ ಮ್ಯಾನೇಜರು ಕಿತ್ತಳೆ ಹಣ್ಣು ಹಿಡಿದುಕೊಂಡು ಬಂದು ಮಂಚದ ತುದಿಯಲ್ಲಿ ಕೂತರು. "ಕಂಪ್ಲೇಂಟು ಬೇಡ. ಕೇಸಾದರೆ ಊರವರು ತಿರುಗಿ ಬೀಳ್ತಾರೆ, ಕೆಲಸ ನಿಲ್ಲುತ್ತೆ," ಅಂದರು. ನಾನು ಸುಮ್ಮನಿದ್ದೆ. ಅವರು ಹೋದ ಮೇಲೆ ಹೆಂಡತಿ ಕೇಳಿದಳು, "ಎಂತಕ್ಕೆ ಸುಮ್ನಿದ್ರಿ?"

"ಮುದುಕ ಮನುಷ್ಯ. ಬಿಡು," ಅಂದೆ.

ಬಿಟ್ಟಿರಲಿಲ್ಲ. ಮತ್ತೆ ನಡೆಯಲು ಶುರು ಮಾಡಿದ ಮೇಲೆ ಪ್ರತಿ ಉಸಿರಿಗೂ ಪಕ್ಕೆ ಚುಚ್ಚುತ್ತಿತ್ತು. ಚುಚ್ಚಿದಾಗಲೆಲ್ಲ ಯಜಮಾನರ ಮುಖ ಕಣ್ಣೆದುರು ಬರುತ್ತಿತ್ತು. ಅವರನ್ನು ಹೊಡೆಯುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಎಲ್ಲಿ ಹೊಡೆಯಬೇಕು, ಅವರು ಹೇಗೆ ಬೀಳುತ್ತಾರೆ, ಏನೆಂದು ಕೂಗಬೇಕು. ದೊಣ್ಣೆಯಿಂದ ದಾರಿ ಪಕ್ಕದ ಲಂಟಾನದ ಕೊಂಬೆ ಬಡಿಯುತ್ತಾ ಹೋಗುತ್ತಿದ್ದೆ. ಒಂದೊಂದು ದಿನ ಕಿಲೋಮೀಟರುಗಟ್ಟಲೆ ಬಡಿದಿದ್ದೇನೆ. ಅವರ ಹೊಲ ಬಂದಾಗ ತಲೆ ತಗ್ಗಿಸಿ ದಾಟುತ್ತಿದ್ದೆ. ಅವರೂ ಮಾತಾಡುತ್ತಿರಲಿಲ್ಲ. ನೀರನ್ನು ಟ್ರ್ಯಾಕ್ಟರಿನಲ್ಲಿ ಡ್ರಮ್ಮು ಹೇರಿಕೊಂಡು ಪಕ್ಕದೂರಿನಿಂದ ತರುತ್ತಿದ್ದರು.

ಹೊಸ ಪೈಪು ಹೂಳಲು ತೋಡುತ್ತಿದ್ದ ಕಾಲುವೆ ಅವರ ಹೊಲಕ್ಕೆ ಬಂದಾಗ ಕೆಳಗೆ ಬಂಡೆ ಸಿಕ್ಕಿತು. ಹಳೆಯ ಪೈಪಿನಲ್ಲಿ ಗ್ಯಾಸು ಹರಿಯುತ್ತಲೇ ಇದ್ದದ್ದರಿಂದ ಮದ್ದಿಟ್ಟು ಸಿಡಿಸುವಂತಿರಲಿಲ್ಲ. ಯಂತ್ರದ ತುದಿಗೆ ಉಕ್ಕಿನ ಉಳಿ ಸಿಕ್ಕಿಸಿ ಕುಟ್ಟಿ ಕುಟ್ಟಿ ಒಡೆಯುತ್ತಿದ್ದರು. ಮೂರು ದಿನ ಆ ಕುಟ್ಟುವಿಕೆ ನಡೆಯಿತು. ನೆಲ ಅದುರಿ, ಮನೆಯ ಹಂಚು ಜಾರಿ ಬಿದ್ದವು. ನಾಲ್ಕನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಕಾಲುವೆಯ ಗೋಡೆಯಿಂದ ಒಂದು ಬಂಡೆಯ ಹಾಳೆ ಬಿಟ್ಟುಕೊಂಡು ಜಾರಿತು. ಹಳೆಯ ಪೈಪಿನಿಂದ ಮೇಲಕ್ಕೆ ಎದ್ದಿದ್ದ ಹೆಬ್ಬೆರಳ ಗಾತ್ರದ ಕವಲು ಪೈಪೊಂದನ್ನು ಅದು ಕಡಿದುಹಾಕಿತು.

ಗ್ಯಾಸು ನುಗ್ಗಿ ಬಂದ ಆ ಸದ್ದನ್ನು ಹೇಗೆ ಹೇಳಲಿ. ವಿಮಾನ ತಲೆಯ ಮೇಲೆ ನಿಂತುಬಿಟ್ಟರೆ ಹೇಗಿರುತ್ತದೋ ಹಾಗೆ. ಮಣ್ಣು, ಜಲ್ಲಿ, ಬಂಡೆಯ ಚೂರು ಮರದೆತ್ತರಕ್ಕೆ ಎದ್ದು ಸುರಿಯಿತು. ಒಂದು ಚೂರು ಒಬ್ಬ ಕೆಲಸಗಾರನ ಹೆಲ್ಮೆಟ್ಟನ್ನು ಸೀಳಿತು; ಅವನು ತಲೆ ಹಿಡಿದುಕೊಂಡೇ ಓಡಿದ. ಯಂತ್ರದವನು ಎಂಜಿನ್ ಆರಿಸಿ ಹಾರಿದ. ಮನೆಯ ಸಿಲಿಂಡರಿನ ಗ್ಯಾಸಿಗೆ ವಾಸನೆ ಇರುತ್ತದೆ, ಈ ದೊಡ್ಡ ಪೈಪಿನ ಗ್ಯಾಸಿಗೆ ವಾಸನೆ ಬೆರೆಸಿರುವುದಿಲ್ಲ. ಮೂಗಿಗೆ ಏನೂ ಗೊತ್ತಾಗುವುದಿಲ್ಲ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡಿ ತಿಳಿಯಬೇಕು. ನಾನು ಒಂದು ಹಿಡಿ ಒಣ ಮಣ್ಣು ಎತ್ತಿ ಬಿಟ್ಟೆ. ಅದು ಯಜಮಾನರ ಮನೆಯ ಕಡೆಗೆ ಹಾರಿತು.

ಇಂಜಿನಿಯರು ಆಚೆ ದೂರ ಓಡಿ ಫೋನು ಮಾಡುತ್ತಿದ್ದರು. ಎರಡೂ ಕಡೆಯ ವಾಲ್ವು ಮುಚ್ಚಿದರೂ ನಡುವೆ ತುಂಬಿದ ಗ್ಯಾಸು ಖಾಲಿಯಾಗಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಒಂದು ಕಿಡಿ ಬೀಳಬಾರದು. ಒಲೆ, ಬೀಡಿ, ಬೈಕು, ಏನೂ. ನಾನು ಸೀಟಿ ಊದುತ್ತಾ ಮನೆಯ ಕಡೆಗೆ ಓಡಿದೆ. ಸೀಟಿ ನನಗೇ ಕೇಳಿಸುತ್ತಿರಲಿಲ್ಲ.

ಮನೆಗೂ ಕಾಲುವೆಗೂ ನಡುವೆ ಕಣ. ಅಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಯಜಮಾನರು ಮನೆಯಿಂದ ಓಡಿಬಂದು ಅದನ್ನು ಹತ್ತುತ್ತಿದ್ದರು. ಯಾಕೆ ಅಂತ ಆ ಕ್ಷಣಕ್ಕೇ ಗೊತ್ತಾಯಿತು. ನಡೆಯಲಾಗದ ಹೆಂಡತಿಯನ್ನು ಕೂರಿಸಿಕೊಂಡು ಹೋಗಲಿಕ್ಕೆ. ನಾನು ಎರಡೂ ಕೈ ಬೀಸಿ, "ಬೇಡಾ! ಕೀ ತಿರುಗಿಸಬೇಡಿ!" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅವರು ನನ್ನನ್ನು ನೋಡಿದರು. ನೋಡಿ, ಮುಖ ತಿರುಗಿಸಿ, ಕೀಗೆ ಕೈ ಹಾಕಿದರು.

ಓಡಿ ಹತ್ತಿರ ಹೋಗಿ, ದೊಣ್ಣೆ ಬೀಸಿ ಅವರ ಮಣಿಕಟ್ಟಿಗೆ ಹೊಡೆದೆ. ಮೂಳೆ ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅವರು ಸೀಟಿನಿಂದ ಪಕ್ಕಕ್ಕೆ ಜಾರಿ ಕಣದ ಮೇಲೆ ಬಿದ್ದರು. ನಾನು ಕೀ ಕಿತ್ತು ಜೇಬಿಗೆ ಹಾಕಿಕೊಂಡೆ.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಕೀ ನನ್ನ ಬಳಿ ಇತ್ತು, ಅವರು ನೆಲದ ಮೇಲಿದ್ದರು. ಆದರೆ ನಾನು ದೊಣ್ಣೆ ಎತ್ತಿದೆ, ಬೆನ್ನಿಗೆ ಹೊಡೆದೆ. ಅವರು ಮುರಿಯದ ಕೈಯನ್ನು ತಲೆಗೆ ಅಡ್ಡ ಹಿಡಿದರು. ಭುಜಕ್ಕೆ ಹೊಡೆದೆ. ಮತ್ತೆ ಬೆನ್ನಿಗೆ. ಬಾಯಿ ತೆರೆದು ಏನೋ ಕೂಗುತ್ತಿದ್ದೆ, ಏನಂತ ನನಗೇ ಗೊತ್ತಿಲ್ಲ. ಆ ಆರ್ಭಟದ ನಡುವೆ ದೊಣ್ಣೆಯ ಸದ್ದೂ ಇಲ್ಲ, ಅವರ ಸದ್ದೂ ಇಲ್ಲ. ಹಿತವಾಗಿತ್ತು. ಇದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ. ಪಕ್ಕೆಯೊಳಗಿನ ಮುಳ್ಳು ಕಳಚಿದ ಹಾಗೆ ಹಿತವಾಗಿತ್ತು.

ತಲೆ ಎತ್ತಿದಾಗ ಬಾಗಿಲಲ್ಲಿ ಆಕೆ ಗೋಡೆ ಹಿಡಿದು ನಿಂತು ನೋಡುತ್ತಿದ್ದರು.

ಯಜಮಾನರನ್ನು ರಟ್ಟೆ ಹಿಡಿದು ಎಬ್ಬಿಸಿ, ಗಾಳಿ ಬರುವ ದಿಕ್ಕಿಗೆ ದೂಡಿದೆ. ಅವರು ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮುಗ್ಗರಿಸುತ್ತಾ ಹೋದರು, ಹಿಂದೆ ತಿರುಗಿ ತಿರುಗಿ ಮನೆಯನ್ನು ನೋಡುತ್ತಾ. ನಾನು ಒಳಗೆ ಹೋಗಿ ಒಲೆಯ ಕೆಂಡಕ್ಕೆ ಡ್ರಮ್ಮಿನ ನೀರು ಸುರಿದೆ. ಆಕೆಯ ಮುಂದೆ ಕೂತು ಬೆನ್ನು ಕೊಟ್ಟೆ. ಹತ್ತಲಿಲ್ಲ. ಕೈ ಹಿಂದಕ್ಕೆ ಹಾಕಿ ಬಲವಂತವಾಗಿ ಎಳೆದು ಹೊತ್ತುಕೊಂಡು ಓಡಿದೆ. ಆಕೆ ನನ್ನ ಕೂದಲು ಹಿಡಿದು ಜಗ್ಗಿದರು, ಮುಷ್ಟಿಯಿಂದ ಕತ್ತಿಗೆ ಗುದ್ದಿದರು. ಕೊನೆಗೆ ಜಾಕೆಟ್ಟಿನ ಪಕ್ಕ ಭುಜಕ್ಕೆ ಹಲ್ಲು ಇಳಿಸಿದರು. ಅರ್ಧ ಕಿಲೋಮೀಟರು ಓಡಿದ್ದೇನೆ. ಅಷ್ಟೂ ದೂರ ಹಲ್ಲು ಬಿಡಲಿಲ್ಲ.

ಬೆಂಕಿ ಹತ್ತಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಸದ್ದು ತಗ್ಗುತ್ತಾ ಬಂದು ನಿಂತಿತು. ಒಂದು ಜೀವವೂ ಹೋಗಲಿಲ್ಲ. ಯಜಮಾನರನ್ನು ಆಂಬುಲೆನ್ಸಿನಲ್ಲಿ ಶಿರಸಿಗೆ ಒಯ್ದರು.

ಹದಿನೈದು ದಿನದ ಮೇಲೆ ಗುತ್ತಿಗೆ ಕಂಪನಿಯವರು ಒಂದು ಸಭೆ ಮಾಡಿ ನನಗೆ ಶಾಲು ಹೊದಿಸಿದರು. ಮ್ಯಾನೇಜರು ಮೈಕಿನಲ್ಲಿ, ಸಮಯಪ್ರಜ್ಞೆ, ಧೈರ್ಯ, ವಯಸ್ಸಾದ ಹೆಂಗಸನ್ನು ಹೊತ್ತು ಉಳಿಸಿದವರು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು, ಅವಳು ತಟ್ಟಲಿಲ್ಲ. ಮನೆಗೆ ಬಂದು ಶಾಲು ಮಡಿಸುತ್ತಾ ಕೇಳಿದಳು:

"ಉಳಿಸಿದ್ದಾದ್ರೆ ಆಕೆ ನಿಮ್ಮ ಭುಜ ಎಂತಕ್ಕೆ ಕಚ್ಚಿದ್ದು?"

ಗಾಯಕ್ಕೆ ದಿನಾ ಮುಲಾಮು ಹಚ್ಚುತ್ತಿದ್ದವಳು ಅವಳೇ. ಗಾಬರಿಗೆ ಕಚ್ಚಿದರು ಅಂತ ಅಷ್ಟು ದಿನ ಹೇಳಿದ್ದೆ. ಆ ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿತವಾಗಿದ್ದನ್ನೂ ಹೇಳಿದೆ. ಅವಳು ಎದ್ದುಹೋಗಿ ಅನ್ನ ಬಡಿಸಿದಳು. ಎದುರಿಗೆ ಕೂರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಚಹಾ ಇಡುತ್ತಾ, "ಆ ಯಜಮಾನ್ರು ಕಂಪ್ಲೇಂಟು ಕೊಟ್ಟಿದ್ದಾರಂತೆ. ಕರೆಯೋ ಮೊದಲೇ ನೀವೇ ಹೋಗಿ ಹೇಳಿ ಬನ್ನಿ," ಅಂದಳು.

ಸ್ಟೇಷನ್ನಿಗೆ ಹೋಗುವ ಮೊದಲು ಮ್ಯಾನೇಜರು ಸಿಕ್ಕಿದರು. ನಾನು ಹೇಳಬೇಕಾದ್ದನ್ನು ಅವರು ಆಗಲೇ ಬರೆಸಿಟ್ಟಿದ್ದರು: ಯಜಮಾನರೇ ಮೇಲೆ ಬಿದ್ದರು, ಟ್ರ್ಯಾಕ್ಟರ್ ಬಿಡುವವರೆಗೆ ಹೊಡೆಯಬೇಕಾಯಿತು, ಇಲ್ಲದಿದ್ದರೆ ಊರೇ ಸುಟ್ಟುಹೋಗುತ್ತಿತ್ತು. "ಹೀಗೆ ಹೇಳು, ಮಿಕ್ಕಿದ್ದು ನಮ್ಮ ವಕೀಲರು ನೋಡ್ಕೋತಾರೆ," ಅಂದರು. ಕಾಗದ ಮಡಿಸಿ ಜೇಬಿಗಿಟ್ಟುಕೊಂಡೆ.

ಸಬ್ ಇನ್ಸ್‌ಪೆಕ್ಟರು ಕೇಳಿದರು, "ಎಷ್ಟು ಏಟು ಹೊಡೆದೆ?"

"ನಾಲ್ಕು ಸರ್."

"ನಾಲ್ಕೂ ಟ್ರ್ಯಾಕ್ಟರ್ ನಿಲ್ಲಿಸ್ಲಿಕ್ಕೇನಾ?"

"ಒಂದು ಅದಕ್ಕೆ ಸರ್. ಮೂರು ಬಿದ್ದ ಮೇಲೆ."

ಅವರು ಪೆನ್ನು ಕೆಳಗಿಟ್ಟರು. "ಹೀಗೆ ಬರೆದ್ರೆ ನಿನಗೇ ಕಷ್ಟ ಮಾರಾಯ. ಯೋಚ್ನೆ ಮಾಡು."

"ಬರ್ಕೊಳ್ಳಿ ಸರ್," ಅಂದೆ.

ಕೇಸು ಶಿರಸಿ ಕೋರ್ಟಿಗೆ ಬಂತು. ಕಂಪನಿಯ ವಕೀಲರು ಒಂದೆರಡು ತಾರೀಖಿಗೆ ಬಂದು ಆಮೇಲೆ ಬರಲಿಲ್ಲ. ಅಷ್ಟರಲ್ಲಿ ಹೊಸ ಪೈಪು ಹೂತು, ಮಣ್ಣು ಮುಚ್ಚಿ, ಗ್ಯಾಸು ಬಿಟ್ಟೂ ಆಗಿತ್ತು. ಒಂದು ದಿನ ಕೋರ್ಟಿನ ಜಗಲಿಯ ಬೆಂಚಿನಲ್ಲಿ ಯಜಮಾನರೂ ಆಕೆಯೂ ಕೂತಿದ್ದರು. ಯಜಮಾನರ ಕೈಯ ಕಟ್ಟು ಬಿಚ್ಚಿದ್ದರು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬಸ್ಸಿನ ಟಿಕೇಟನ್ನು ಎಡಗೈಯಲ್ಲಿ ಹಿಡಿದಿದ್ದರು. ನಾನು ಎದುರಿಗೆ ಹೋಗಿ ನಿಂತೆ. ಕಾಲು ಮುಟ್ಟಬೇಕು ಅಂತ ಬಗ್ಗಿದೆ, ಅವರು ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡರು.

"ತಪ್ಪಾಯ್ತು ಯಜಮಾನ್ರೇ," ಅಂದೆ.

ಅವರು ಅಂಗಳದ ಕಡೆ ನೋಡುತ್ತಾ ಕೂತರು. ಆಕೆ ಮಾತಾಡಿದರು.

"ಠಾಣೇದಾಗ ನಾಕು ಅಂದೀಯಂತ?"

"ಹೌದಕ್ಕಾ."

"ಐದು. ನಾ ಬಾಗಿಲದಾಗ ನಿಂತು ಎಣಿಸೀನಿ. ಕಡೀದು ಇವರ ಕಿವಿ ಹಿಂದ."

ನನಗೆ ನೆನಪಾಗಲಿಲ್ಲ. ಈಗಲೂ ನೆನಪಾಗುವುದಿಲ್ಲ. ಯಜಮಾನರು ತಲೆ ಪಕ್ಕಕ್ಕೆ ತಿರುಗಿಸಿದರು, ಬಹುಶಃ ಬೇರೆಲ್ಲೋ ನೋಡಲಿಕ್ಕೆ. ಕಿವಿಯ ಹಿಂದೆ, ಬಿಳಿ ಕೂದಲಿನ ನಡುವೆ, ಹೊಲಿಗೆ ಹಾಕಿದ ಗೆರೆ ಕಂಡಿತು. ನಾನು ಅಲ್ಲೇ ಜಗಲಿಯ ಕಂಬಕ್ಕೆ ಒರಗಿ ಕೂತುಬಿಟ್ಟೆ. ಅಷ್ಟು ದಿನ ನಿಜ ಹೇಳಿದೆ ಅಂತ ಒಳಗೊಳಗೇ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಅದು ಹೋಯಿತು.

ಯಜಮಾನರು ಟಿಕೇಟು ಮಡಿಸಿ ಜೇಬಿಗಿಟ್ಟು ಅಂದರು, "ನಾನೂ ಕೋರ್ಟಿಗೆ ಅಲೆದು ಸಾಕಾಗೇತಿ. ರಾಜಿ ಆಗ್ತೀನಿ. ಆದ್ರ ಒಂದು ಮಾತು. ನಮ್ಮ ಹೊಲದಾಗ ನೀ ಕಾಲು ಇಡಬಾರದು. ಯಾವತ್ತೂ."

"ಆಗಲಿ," ಅಂದೆ. ಈ ಸಲ ಬಾಯಿ ಬಿಟ್ಟೇ ಹೇಳಿದೆ.

ಪೈಪು ಅವರ ಹೊಲದಲ್ಲೇ ಹೋಗುತ್ತದೆ. ಅಲ್ಲಿ ಕಾಲಿಡದವನು ಆ ದಾರಿಯ ಲೈನ್ ವಾಕರ್ ಆಗಿರಲು ಸಾಧ್ಯವಿಲ್ಲ. ಕಾರಣ ಬರೆದು ಅರ್ಜಿ ಕೊಟ್ಟೆ. ಮ್ಯಾನೇಜರಿಗೆ ನನ್ನ ಮೇಲೆ ಸಿಟ್ಟಿತ್ತು. ಕೆಲಸದಿಂದ ತೆಗೆಯಲಿಲ್ಲ, ಆದರೆ ಯಲ್ಲಾಪುರದ ಹತ್ತಿರದ ಪೈಪಿನ ಯಾರ್ಡಿಗೆ ಹಾಕಿದರು. ಕರಾವಳಿಯಿಂದ ಘಾಟಿ ಹತ್ತಿಬರುವ ಟ್ರೇಲರುಗಳು ಅಲ್ಲಿ ಪೈಪು ಇಳಿಸುತ್ತವೆ. ಈಗ ನಾನೂ ಹೆಂಡತಿಯೂ ಯಲ್ಲಾಪುರದಲ್ಲಿದ್ದೇವೆ. ಅವಳು ಮೊದಲಿನ ಹಾಗೆ ನನ್ನೊಂದಿಗೆ ಮಾತಾಡಲು ವರ್ಷ ಹಿಡಿಯಿತು.

ಹೊಸದಾಗಿ ಸೇರಿದ ಲೈನ್ ವಾಕರುಗಳಿಗೆ ಯಾರ್ಡಿನ ಶೆಡ್ಡಿನಲ್ಲಿ ತರಬೇತಿ ನಡೆಯುತ್ತದೆ. ಗ್ಯಾಸು ಸೋರಿದ್ದನ್ನು ಕಣ್ಣಾರೆ ಕಂಡವನು ಅಂತ ನನ್ನನ್ನು ಮಾತಾಡಲು ಕರೆಯುತ್ತಾರೆ. ಮಣ್ಣು ಎತ್ತಿಬಿಟ್ಟು ಗಾಳಿ ನೋಡುವುದು, ಫೋನು ಆರಿಸುವುದು, ಒಲೆ ನಂದಿಸುವುದು, ಜನರನ್ನು ಯಾವ ಕಡೆಗೆ ಕಳಿಸುವುದು, ಎಲ್ಲ ಹೇಳುತ್ತೇನೆ. ಮೇಲ್ವಿಚಾರಕರು ಕೀ ಕಿತ್ತುಕೊಂಡಲ್ಲಿಗೆ ಸಾಕು ಅಂತ ಸನ್ನೆ ಮಾಡುತ್ತಾರೆ. ನಾನು ಮುಂದಿನದ್ದನ್ನೂ ಹೇಳುತ್ತೇನೆ. ಐದು ಅಂತಲೇ ಹೇಳುತ್ತೇನೆ.

ಕಳೆದ ತಿಂಗಳ ತಂಡದಲ್ಲಿ ಮಂಚಿಕೇರಿ ಕಡೆಯವನೊಬ್ಬ ಇದ್ದ. ನಲವತ್ತರ ಹತ್ತಿರದವನು, ಮೊದಲು ಲಾರಿ ಓಡಿಸುತ್ತಿದ್ದನಂತೆ. ಕೇಳಿದ, "ಹಂಗಾರೆ ನಾವು ಎಂತ ಮಾಡಕು? ಹೊಡೀಲಕ್ಕಾ, ಹೊಡೀಲಾಗದಾ?"

"ಮೊದಲು ಕೈ ಹಿಡಿ," ಅಂದೆ. "ಮೈಮೇಲೆ ಬಿದ್ದಾದರೂ ಕೀ ಕಿತ್ತುಕೋ. ಬೇರೆ ದಾರಿಯೇ ಇಲ್ಲ ಅಂದರೆ ಒಂದು ಹೊಡಿ. ಹೊಡೆದ ತಕ್ಷಣ ದೊಣ್ಣೆಯನ್ನು ಕೈಗೆ ಸಿಗದಷ್ಟು ದೂರ ಎಸೆದುಬಿಡು."

ಅವನು ನೋಟುಪುಸ್ತಕದಲ್ಲಿ ಬರೆದುಕೊಂಡ. ಪಕ್ಕದವನು, "ಎಷ್ಟು ದೂರ ಅಂದ್ರು?" ಅಂತ ಅವನನ್ನು ಕೇಳಿ, ತಾನೂ ಬರೆದುಕೊಂಡ.